ಗೂಡ್ಸ್ ಗಾಡಿಯಲ್ಲಿ ಬಂದ ಹಡಗು

ಒಂದು ಹಡಗನ್ನ ಗೂಡ್ಸ್ ರೈಲಿಗೆ ಹಾಕಿ ಕಳಿಸಬಹುದಾ? ನ್ಯೂಜಿಲೆಂಡಿನವರು ಕಳಿಸಿದ್ರು. ಅದೂ ನೂರು ವರ್ಷಕ್ಕೂ ಹಿಂದೆ, ಸುಮಾರು 50 ಮೀಟರ್ ಉದ್ದದ ಉಕ್ಕಿನ ಹಡಗನ್ನ. ಆ ಹಡಗು ಇವತ್ತಿಗೂ ಕಲ್ಲಿದ್ದಲು ತಿಂದು, ಹೊಗೆ ಬಿಟ್ಟು, ದಿನಾ ಜನರನ್ನ ಹೊತ್ತು ಓಡ್ತಾ ಇದೆ.

ಹೆಸರು ಟಿಎಸ್‌ಎಸ್ ಅರ್ನ್‌ಸ್ಲಾ. ಟಿಎಸ್‌ಎಸ್ ಅಂದ್ರೆ ಟ್ವಿನ್ ಸ್ಕ್ರೂ ಸ್ಟೀಮರ್, ಎರಡು ಪ್ರೊಪೆಲರ್ ಇರುವ ಉಗಿಹಡಗು. ಅರ್ನ್‌ಸ್ಲಾ ಅನ್ನೋದು ಅಲ್ಲಿನ ಒಂದು ಹಿಮದ ಬೆಟ್ಟದ ಹೆಸರು. ದಕ್ಷಿಣ ದ್ವೀಪದ ಕ್ವೀನ್ಸ್‌ಟೌನ್‌ಗೆ ಹೋದವರು ಸಾಮಾನ್ಯವಾಗಿ ಬಂಜಿ ಜಂಪ್ ಮಾಡ್ತಾರೆ. ಕಾಲಿಗೆ ಹಗ್ಗ ಕಟ್ಟಿಸಿಕೊಂಡು ತಲೆಕೆಳಗಾಗಿ ಬೀಳೋಕೆ ದುಡ್ಡು ಕೊಡುವ ಧೈರ್ಯ ನನಗೆ ಬರಲಿಲ್ಲ. ಹಡಗಿನ ಟಿಕೆಟ್ ತಗೊಂಡೆ.

ಮೊದಲು ರೈಲಿನ ಕತೆ. ಊರಿನ ಮುಂದಿರುವ ವಾಕಟಿಪು ಸರೋವರ ಸಮುದ್ರಮಟ್ಟದಿಂದ ಸುಮಾರು 310 ಮೀಟರ್ ಮೇಲೆ, ಬೆಟ್ಟಗಳ ನಡುವೆ ಸಿಕ್ಕಿಕೊಂಡಿದೆ. ಮಿಂಚಿನ ಗೆರೆಯ ಹಾಗೆ ಎರಡು ಕಡೆ ಮುರಿದುಕೊಂಡ ಆಕಾರ, ಉದ್ದ ಹತ್ತಿರ ಹತ್ತಿರ 80 ಕಿಲೋಮೀಟರ್. ಇಲ್ಲಿಂದ ನೀರು ಹೊರಗೆ ಹೋಗೋದು ಕವರಾವ್ ನದಿಯಲ್ಲಿ. ಆ ಕಮರಿಯ ರಭಸಕ್ಕೆ ಎದುರಾಗಿ ಸಮುದ್ರದಿಂದ ಯಾವ ಹಡಗೂ ಮೇಲೆ ಹತ್ತಿ ಬರೋಕೆ ಸಾಧ್ಯವಿಲ್ಲ. ಹಾಗಾಗಿ ಡುನೆಡಿನ್ ಅನ್ನೋ ಬಂದರು ಪಟ್ಟಣದಲ್ಲಿ ಜಾನ್ ಮೆಕ್‌ಗ್ರೆಗರ್ ಆ್ಯಂಡ್ ಕಂಪನಿ ಹಡಗಿನ ಒಡಲನ್ನ ಪೂರ್ತಿ ಜೋಡಿಸಿ ನೋಡಿತು. ಕಾಲಿಂಚು ದಪ್ಪದ ಒಂದೊಂದು ತಗಡಿಗೂ ನಂಬರ್ ಹಾಕಿತು. ಆಮೇಲೆ ಎಲ್ಲವನ್ನೂ ಬಿಚ್ಚಿ ರೈಲಿಗೆ ತುಂಬಿ, ಸರೋವರದ ದಕ್ಷಿಣ ತುದಿಯ ಕಿಂಗ್‌ಸ್ಟನ್‌ಗೆ ಕಳಿಸಿತು. ಅಲ್ಲಿ ನಂಬರ್ ಪ್ರಕಾರ ಮತ್ತೆ ರಿವೆಟ್ ಹೊಡೆದು ಕೂರಿಸಿದ್ರು. ಐಕಿಯಾ ಮಂಚ ಜೋಡಿಸುವಾಗ ಒಂದು ಸ್ಕ್ರೂ ಉಳಿದುಬಿಟ್ಟರೆ ನಮಗೆ ರಾತ್ರಿ ನಿದ್ದೆ ಬರಲ್ಲ. ಇವರದ್ದು ನೀರಿನಲ್ಲಿ ತೇಲಬೇಕಾದ ವಸ್ತು. 1912ರ ಫೆಬ್ರವರಿ 24ರಂದು ಅದು ನೀರಿಗಿಳಿಯಿತು. ಅಕ್ಟೋಬರ್ 18ರಂದು ಕಿಂಗ್‌ಸ್ಟನ್‌ನಿಂದ ಕ್ವೀನ್ಸ್‌ಟೌನ್‌ಗೆ ಮೊದಲ ಪ್ರಯಾಣ. ಈ ಎರಡು ತಾರೀಖುಗಳ ಮಧ್ಯೆ, ಏಪ್ರಿಲ್‌ನಲ್ಲಿ, ಟೈಟಾನಿಕ್ ಮುಳುಗಿತ್ತು.

ಹಡಗಿನ ಮಾಲೀಕರು ಯಾರು ಗೊತ್ತಾ? ನ್ಯೂಜಿಲೆಂಡ್ ರೈಲ್ವೆ. ಇದರಲ್ಲಿ ವಿಚಿತ್ರ ಏನಿಲ್ಲ. 1862ರಲ್ಲಿ ಇಲ್ಲಿನ ಹೊಳೆಗಳಲ್ಲಿ ಚಿನ್ನ ಸಿಕ್ಕು ಜನ ಮುಗಿಬಿದ್ದಿದ್ದರು. ಚಿನ್ನದ ಗಲಾಟೆ ತಣ್ಣಗಾದ ಮೇಲೆ ಕುರಿ ಸಾಕಣೆ ಉಳಿಯಿತು. 1878ರಲ್ಲಿ ರೈಲು ಕಿಂಗ್‌ಸ್ಟನ್ ತನಕ ಬಂತು. ಅಲ್ಲಿಂದ ಮುಂದೆ ಹಳಿಯೂ ಇಲ್ಲ, ಸರಿಯಾದ ರಸ್ತೆಯೂ ಇಲ್ಲ. ಹಳಿ ನಿಂತ ಜಾಗದಿಂದ ಹಡಗು ಮುಂದಿನ ರೈಲು. ಅಂಚೆ, ಅಕ್ಕಿ ಬೇಳೆ, ಉಣ್ಣೆ, ಹಸು, ಮದುವೆ ದಿಬ್ಬಣ ಎಲ್ಲಾ ಅದರಲ್ಲೇ. ದಿಬ್ಬಣದ ಮಾತು ನನ್ನ ಊಹೆ, ಉಳಿದಿದ್ದು ದಾಖಲೆ. ಸಾವಿರಕ್ಕೂ ಹೆಚ್ಚು ಜನರನ್ನೋ, 1,500 ಕುರಿಗಳನ್ನೋ ಹೊರೋ ಲೆಕ್ಕದಲ್ಲಿ ಕಟ್ಟಿದ ಹಡಗು ಇದು. ಈಗ ಕಾಫಿ ಕಪ್ ಹಿಡಿದು ಫೋಟೋ ತೆಗೆಯುವ ಡೆಕ್ ಮೇಲೆ ಆಗ ಕುರಿಗಳು ಒತ್ತೊತ್ತಾಗಿ ನಿಂತಿದ್ದವು.

ಆಮೇಲೆ ರಸ್ತೆ ಬಂತು. 1936ರಲ್ಲಿ ಕಿಂಗ್‌ಸ್ಟನ್ ಮತ್ತು ಕ್ವೀನ್ಸ್‌ಟೌನ್ ನಡುವೆ, 1962ರಲ್ಲಿ ಸರೋವರದ ಉತ್ತರ ತುದಿಯ ಗ್ಲೆನಾರ್ಕಿಗೆ. ಲಾರಿ ಮನೆ ಬಾಗಿಲಿಗೇ ಬರುವಾಗ ಹಡಗಿಗೆ ಕಾದು ಕೂರೋರು ಯಾರು? 1968ರ ಹೊತ್ತಿಗೆ ಅದನ್ನ ಗುಜರಿಗೆ ಹಾಕುವ ಮಾತು ಶುರುವಾಗಿತ್ತು.

ಇಲ್ಲಿ ನಾನು ಸ್ವಲ್ಪ ನಮ್ಮ ಕಡೆ ಹೊರಳಬೇಕು. ನಾನು ಬೆಳೆದಿದ್ದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದ ಹಳ್ಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಮೇಲೆ ನಮ್ಮ ಸೀಮೆಗೆ ಲಾಂಚೇ ಗತಿ. ಹೊರಗಿನವರು ಸಿಗಂದೂರಿಗೆ ಬಂದು ಲಾಂಚಿನ ಮೇಲೆ ನಿಂತು 'ಎಷ್ಟು ಚೆನ್ನಾಗಿದೆ' ಅಂತ ವಿಡಿಯೋ ಮಾಡ್ತಿದ್ರು. ಕೊನೇ ಲಾಂಚ್ ಹೋದಮೇಲೆ ಯಾರಿಗಾದರೂ ಹೆರಿಗೆ ನೋವು ಬಂದರೆ ಏನಾಗ್ತಿತ್ತು ಅನ್ನೋದು ವಿಡಿಯೋದಲ್ಲಿ ಬರ್ತಿರಲಿಲ್ಲ. 2025ರ ಜುಲೈನಲ್ಲಿ 2.44 ಕಿಲೋಮೀಟರಿನ ಸೇತುವೆ ಉದ್ಘಾಟನೆ ಆದಾಗ ಬೆಂಗಳೂರಿನ ಗೆಳೆಯರು 'ಅಯ್ಯೋ, ಲಾಂಚ್ ಮಿಸ್ ಮಾಡ್ಕೋತೀವಿ' ಅಂದ್ರು. ನಮ್ಮ ದೊಡ್ಡಮ್ಮ ಅನ್ನಲಿಲ್ಲ. ಹಾಗಾಗಿ ಅರ್ನ್‌ಸ್ಲಾ ಗುಜರಿಗೆ ಹೋಗೋದರಲ್ಲಿತ್ತು ಅಂತ ಓದಿದಾಗ ನನಗೆ ಮೊದಲು ಬಂದಿದ್ದು ಸಿಟ್ಟಲ್ಲ. ಗ್ಲೆನಾರ್ಕಿಯ ಯಾವುದೋ ಅಜ್ಜಿ ಆ ರಸ್ತೆಗೆ ಎಷ್ಟು ವರ್ಷ ಕಾದಿದ್ದಳೋ ಅಂತ ಅನ್ನಿಸಿತು.

ಹಾಗಿದ್ರೆ ಇದೊಂದು ಹಡಗು ಉಳಿದದ್ದು ಹೇಗೆ? ಇದೇ ಸರೋವರದಲ್ಲಿ ಮೌಂಟನಿಯರ್, ಆಂಟ್ರಿಮ್, ಬೆನ್ ಲೋಮಂಡ್ ಅನ್ನೋ ಸ್ಟೀಮರ್‌ಗಳೂ ಓಡ್ತಿದ್ದವು, ಅವು ಯಾವುವೂ ಉಳಿಯಲಿಲ್ಲ. ಅರ್ನ್‌ಸ್ಲಾವನ್ನ 1969ರಲ್ಲಿ ಫಿಯೋರ್ಡ್‌ಲ್ಯಾಂಡ್ ಟ್ರಾವೆಲ್ ಅನ್ನೋ ಪ್ರವಾಸಿ ಕಂಪನಿ ಗುತ್ತಿಗೆಗೆ ಪಡೆಯಿತು, 1982ರಲ್ಲಿ ಕೊಂಡೇಬಿಟ್ಟಿತು. ಜೊತೆಗೆ ಭೂಗೋಳವೂ ಕೈಹಿಡಿಯಿತು. ಕ್ವೀನ್ಸ್‌ಟೌನ್‌ನ ಎದುರು ದಡದಲ್ಲಿ ವಾಲ್ಟರ್ ಪೀಕ್ ಅನ್ನೋ ಹಳೇ ಕುರಿ ಫಾರ್ಮ್ ಇದೆ. ರಸ್ತೆ ಹಿಡಿದು ಅಲ್ಲಿಗೆ ಹೋಗಬೇಕಂದ್ರೆ ಬೆಟ್ಟಗಳನ್ನ ಬಳಸಿಕೊಂಡು ಎಲ್ಲೆಲ್ಲೋ ಸುತ್ತಬೇಕು. ನೀರಿನ ಮೇಲಾದರೆ ಮುಕ್ಕಾಲು ಗಂಟೆ. ಅಂದ್ರೆ ಹಡಗಿಗೆ ಹೋಗೋಕೆ ಒಂದು ಜಾಗ ಉಳಿದಿತ್ತು. ಪ್ರೀತಿಯೊಂದರಿಂದಲೇ ಹಡಗು ಉಳಿಯುತ್ತೆ ಅಂತ ನಾನು ನಂಬಲ್ಲ. ಟಿಕೆಟ್ ಕೊಳ್ಳೋರು ಬೇಕು, ಇಳಿಯೋಕೆ ಒಂದು ದಡ ಬೇಕು.

ಹೊರಗಿಂದ ನೋಡೋಕೆ ಬಿಳಿ ಮೈ, ಕೆಂಪು ಚಿಮಣಿ. ಚೆಂದವೇ. ಆದರೆ ನಿಜವಾದ ಹಡಗು ಇರೋದು ಕೆಳಗೆ. ನಡುವೆ ಎಂಜಿನ್ ರೂಮಿನ ಮೇಲೆ ಹಾದುಹೋಗುವ ಓಣಿಯಂಥ ಒಂದು ದಾರಿ ಇದೆ, ಕಂಬಿ ಹಿಡಿದು ಬಗ್ಗಿ ನೋಡಬಹುದು. ನಾನು ಅಲ್ಲಿ ನಿಂತವನು ಸರೋವರವನ್ನ ಸರಿಯಾಗಿ ನೋಡಲೇ ಇಲ್ಲ.

ಮುಖಕ್ಕೆ ಮೊದಲು ಹೊಡೆಯೋದು ಶಾಖ, ಆಮೇಲೆ ಬಿಸಿ ಎಣ್ಣೆಯ ವಾಸನೆ. ತಲಾ 500 ಅಶ್ವಶಕ್ತಿಯ ಎರಡು ಎಂಜಿನ್. ಟ್ರಿಪಲ್ ಎಕ್ಸ್‌ಪ್ಯಾನ್ಶನ್ ಅಂತಾರೆ. ಕಬ್ಬಿನಹಾಲಿನ ಅಂಗಡಿಯವನು ಹಿಂಡಿದ ಜಲ್ಲೆಯನ್ನೇ ಮಡಚಿ ಮತ್ತೆ ಮತ್ತೆ ಗಾಣಕ್ಕೆ ಕೊಡ್ತಾನಲ್ಲ, ಅದೇ ತತ್ವ. ಬಾಯ್ಲರ್‌ನಿಂದ ಬಂದ ಉಗಿ ಮೊದಲು ಸಣ್ಣ ಸಿಲಿಂಡರಿನಲ್ಲಿ ಪಿಸ್ಟನ್ ತಳ್ಳುತ್ತೆ. ಅಲ್ಲಿ ಒತ್ತಡ ಕಡಿಮೆಯಾದ ಉಗಿ ಮಧ್ಯಮ ಗಾತ್ರದ ಸಿಲಿಂಡರಿಗೆ, ಇನ್ನೂ ಬಸವಳಿದ ಮೇಲೆ ಎಲ್ಲಕ್ಕಿಂತ ದೊಡ್ಡದಕ್ಕೆ. ಒತ್ತಡ ಇಳಿದಷ್ಟೂ ಅಗಲ ಜಾಸ್ತಿ ಬೇಕು, ಅಷ್ಟೇ ಲೆಕ್ಕ. ಬಿಇ ಮೂರನೇ ಸೆಮಿಸ್ಟರಿನಲ್ಲಿ ಮೆಕ್ಯಾನಿಕಲ್ ರೂಮ್‌ಮೇಟ್ ಇದರ ಚಿತ್ರ ಬರೆದು ಬರೆದು ಬೈಕೊಳ್ತಿದ್ದ. ಆ ಚಿತ್ರ ಇಲ್ಲಿ ಕಣ್ಣೆದುರಿಗೆ ಉಸಿರಾಡ್ತಾ ಇತ್ತು. ಮುಚ್ಚಳ ಇಲ್ಲ, ಪರದೆ ಇಲ್ಲ, ಯಾವ ಕಡ್ಡಿ ಯಾವುದನ್ನ ಎಳೀತಿದೆ ಅಂತ ಮಗು ಕೂಡ ಬೆರಳಿಟ್ಟು ತೋರಿಸಬಹುದು. ನಾನು ದಿನಾ ಕೆಲಸ ಮಾಡುವ ಸಾಫ್ಟ್‌ವೇರಿನ ಬಗ್ಗೆ ಹೀಗೆ ಹೇಳೋ ಧೈರ್ಯ ನನಗಿಲ್ಲ.

ಮೇಲಿರುವ ಕ್ಯಾಪ್ಟನ್ ಮತ್ತು ಕೆಳಗಿರುವ ಎಂಜಿನಿಯರ್ ಮಾತಾಡೋದು ಟೆಲಿಗ್ರಾಫ್ ಅನ್ನೋ ಹಿತ್ತಾಳೆ ಡಬ್ಬಿಯಿಂದ. ಮೇಲೆ ಹಿಡಿಕೆ ತಿರುಗಿಸಿದರೆ ಕೆಳಗೆ ಗಂಟೆ ಬಾರಿಸಿ ಮುಳ್ಳು 'ನಿಧಾನ', 'ಅರ್ಧ', 'ಪೂರ್ತಿ' ಅಂತ ತೋರಿಸುತ್ತೆ. ಕೆಳಗಿನವನು ತನ್ನ ಹಿಡಿಕೆಯನ್ನೂ ಅದೇ ಜಾಗಕ್ಕೆ ತಂದರೆ ಮೇಲಿನವನಿಗೆ ಉತ್ತರ ಮುಟ್ಟಿತು ಅಂತ ಅರ್ಥ. ಅಕ್ನಾಲೆಜ್‌ಮೆಂಟ್ ಸ್ವಾಮಿ, ನಾವೇ ಕಂಡುಹಿಡಿದವರ ಹಾಗೆ ಆಡ್ತೀವಿ.

ಎಂಜಿನ್‌ಗಳ ಆಚೆ ಬಾಯ್ಲರ್‌ಗಳು. ಅಲ್ಲಿ ಇಬ್ಬರು ಸಲಿಕೆ ಹಿಡಿದು ನಿಂತಿದ್ದರು. ಓಡುವಾಗ ಹಡಗಿಗೆ ಗಂಟೆಗೆ ಸುಮಾರು ಒಂದು ಟನ್ ಕಲ್ಲಿದ್ದಲು ಬೇಕು. ಅಷ್ಟನ್ನೂ ಕೈಯಲ್ಲೇ ಹಾಕಬೇಕು. ಕುಲುಮೆಯ ಬಾಗಿಲು ತೆಗೆಯೋದು, ಬೆಂಕಿಯ ಬಣ್ಣ ನೋಡೋದು, ಎಲ್ಲಿ ತೆಳುವಾಗಿದೆಯೋ ಅಲ್ಲಿಗೇ ಎಸೆಯೋದು, ಬಾಗಿಲು ಮುಚ್ಚೋದು. ಅಳತೆ ಇಲ್ಲದೆ ಸುರಿದರೆ ಬೆಂಕಿ ಉಸಿರುಗಟ್ಟಿ ಹೊಗೆ ಬರುತ್ತೆ, ಒತ್ತಡ ಬೀಳುತ್ತೆ. ಒಲೆ ಮುಂದೆ ಕೂತು ಅಡಿಕೆ ಬೇಯಿಸಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ನಾವು ಇಪ್ಪತ್ತು ಮೂವತ್ತು ಜನ ಮೇಲಿಂದ ಮೊಬೈಲ್ ಹಿಡಿದು ನೋಡ್ತಾ ಇದ್ವಿ. ಅವರ ಬೆವರೇ ನಮಗೆ ಪ್ರದರ್ಶನ ಅಂತ ಒಂದು ಕ್ಷಣ ಮುಜುಗರ ಆಯ್ತು. ಆದರೆ ಅವರಲ್ಲೊಬ್ಬ ತಲೆ ಎತ್ತಲೇ ಇಲ್ಲ. ಅವನ ಗಮನವೆಲ್ಲ ಒತ್ತಡದ ಮೀಟರಿನ ಮೇಲೆ. 1912ರಲ್ಲಿ ಅವನ ಜಾಗದಲ್ಲಿದ್ದವನನ್ನ ಯಾರೂ ಬಗ್ಗಿ ನೋಡ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ.

ಇನ್ನು ಹೊಗೆ. ಒಂದು ಟನ್ ಕಲ್ಲಿದ್ದಲು ಉರಿದರೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ತಳ ಕಾಣುವಷ್ಟು ತಿಳಿನೀರಿನ ಮೇಲೆ ಕರೀ ಹೊಗೆಯ ಬಾಲ ಎಳೆದುಕೊಂಡು ಹೋಗೋದು ಕಣ್ಣಿಗೆ ಚುಚ್ಚುತ್ತೆ. ಬ್ಯಾಟರಿ ಕೂರಿಸಿ ಅನ್ನೋರಿದ್ದಾರೆ. ಹಾಗೆ ಮಾಡಿದರೆ ಹೊರಗಿನ ಹಡಗು ಉಳಿಯುತ್ತೆ, ನಾನು ನಿಂತು ನೋಡಿದ ಕೋಣೆ ಖಾಲಿಯಾಗುತ್ತೆ. ಬೇರೆ ಇಂಧನ ಹಾಕಿಯಾದರೂ ಆ ಎಂಜಿನ್‌ಗಳನ್ನೇ ಓಡಿಸಲಿ ಅನ್ನೋದು ನನ್ನ ಆಸೆ. ಅಷ್ಟು ದೂರದಿಂದ ವಿಮಾನ ಹತ್ತಿ ಹೋದವನು ಅವರಿಗೆ ಹೊಗೆಯ ಪಾಠ ಮಾಡೋದೂ ಅಷ್ಟಕ್ಕಷ್ಟೇ.

ವಾಪಸ್ ಬರುವಾಗ ಮೇಲೆ ಒಬ್ಬರು ಪಿಯಾನೋ ನುಡಿಸ್ತಾರೆ, ಹಾಡಿನ ಪುಸ್ತಕ ಹಂಚ್ತಾರೆ, ಗೊತ್ತಿರೋರೂ ಗೊತ್ತಿಲ್ಲದೋರೂ ಸೇರಿ ಹಾಡ್ತಾರೆ. ನಾನು ಕಂಬಿ ಬಿಡಲಿಲ್ಲ. ಕ್ವೀನ್ಸ್‌ಟೌನ್ ಹತ್ತಿರ ಬಂದಾಗ ಟೆಲಿಗ್ರಾಫ್ ಗಂಟೆ ಬಾರಿಸಿತು, ಎಂಜಿನಿಯರ್ ಉತ್ತರ ಕೊಟ್ಟ. ಒಂದು ಪ್ರೊಪೆಲರ್ ಮುಂದಕ್ಕೆ, ಒಂದು ಹಿಂದಕ್ಕೆ ತಿರುಗಿ ಹಡಗು ನಿಂತಲ್ಲೇ ಹೊರಳಿಕೊಂಡು ಕಟ್ಟೆಗೆ ಒರಗಿತು. ಮುಂದಿನ ಸುತ್ತಿನವರು ಕಟ್ಟೆಯ ಮೇಲೆ ಆಗಲೇ ಸಾಲಲ್ಲಿ ನಿಂತಿದ್ದರು. ಕೆಳಗೆ ಆ ಹುಡುಗ ಕುಲುಮೆ ಬಾಗಿಲು ತೆಗೆದು ಬೂದಿ ಕೆದಕೋಕೆ ಶುರುಮಾಡಿದ.