ಮೆನಿಂಜೈಟಿಸ್‌ನಲ್ಲಿ ಕುತ್ತಿಗೆ ಸೆಟೆತ: ಶುಶ್ರೂಷಕರ ಪರೀಕ್ಷೆಗೆ ಬೆಲೆಯಿಲ್ಲವೇ?

ಮೆದುಳು ಮತ್ತು ಬೆನ್ನುಹುರಿಯ ಹೊದಿಕೆಗೆ ಉರಿಯೂತ ತಗಲಿದರೆ ಜ್ವರ, ತಲೆನೋವು, ಕುತ್ತಿಗೆ ಸೆಟೆತ, ಪ್ರಜ್ಞೆಯ ಏರುಪೇರು ಕಾಣುತ್ತವೆ. ಇದರಲ್ಲಿ ಭಿನ್ನಮತವಿಲ್ಲ. ತೊಡೆ ಮಡಚಿದ್ದಾಗ ಮೊಣಕಾಲು ನೆಟ್ಟಗಾಗದಿದ್ದರೆ ಕೆರ್ನಿಗ್ ಚಿಹ್ನೆ (1882); ಕುತ್ತಿಗೆ ಬಗ್ಗಿಸಿದಾಗ ಕಾಲು ತಾನಾಗಿ ಮಡಚಿಕೊಂಡರೆ ಬ್ರುಡ್ಜಿನ್ಸ್ಕಿ ಚಿಹ್ನೆ (1909). ಶುಶ್ರೂಷಾ ವಿದ್ಯಾರ್ಥಿಗಳು ಇವೆರಡನ್ನೂ ಬಾಯಿಪಾಠ ಮಾಡಿರುತ್ತಾರೆ.

ತಕರಾರು ಹುಟ್ಟಿದ್ದು 2002ರಲ್ಲಿ. ಅಮೆರಿಕದ ಥಾಮಸ್ ಮತ್ತು ಸಂಗಡಿಗರು ರೋಗದ ಶಂಕೆಯಿದ್ದ 297 ವಯಸ್ಕರನ್ನು ಪರೀಕ್ಷಿಸಿದರು. ರೋಗವಿದ್ದವರಲ್ಲಿ ಕೆರ್ನಿಗ್ ಚಿಹ್ನೆ ಕಂಡದ್ದು ಶೇ 5ರಷ್ಟು ಮಂದಿಗೆ. ರೋಗವಿಲ್ಲದವರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕುತ್ತಿಗೆ ಸೆಟೆತವೂ ಶೇ 30 ದಾಟಲಿಲ್ಲ. ಹಾಸಿಗೆ ಪಕ್ಕದ ಈ ಪರೀಕ್ಷೆಗಳನ್ನೇ ಕೈಬಿಡಬಹುದೆಂಬ ವಾದ ಬಲಗೊಂಡದ್ದು ಇಲ್ಲಿಂದ.

ಕೆರ್ನಿಗ್, ಬ್ರುಡ್ಜಿನ್ಸ್ಕಿ ಚಿಹ್ನೆಗಳ ಮಟ್ಟಿಗೆ ಆ ವಾದವನ್ನು ಒಪ್ಪಬಹುದು. ಕುತ್ತಿಗೆಯ ವಿಷಯದಲ್ಲಿ ಅದು ದುಡುಕು. ಆ ಅಧ್ಯಯನದಲ್ಲಿ ರೋಗಿಗಳೆಂದು ಎಣಿಸಿದ 80 ಮಂದಿಯಲ್ಲಿ ಹೆಚ್ಚಿನವರ ಉರಿಯೂತ ಸೌಮ್ಯವಾಗಿತ್ತು. ಬೆನ್ನುಹುರಿ ದ್ರವದ ಪ್ರತಿ ಮೈಕ್ರೋಲೀಟರಿಗೆ ಸಾವಿರ ಅಥವಾ ಹೆಚ್ಚು ಬಿಳಿ ರಕ್ತಕಣಗಳಿದ್ದವರು ನಾಲ್ವರೇ, ಆ ನಾಲ್ವರ ಕುತ್ತಿಗೆಯೂ ಸೆಟೆದಿತ್ತು. ನಾಲ್ವರ ಮೇಲೆ ತೀರ್ಮಾನ ಕಟ್ಟಲಾಗದು, ನಿಜ. ಆದರೆ 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನ ಬ್ಯಾಕ್ಟೀರಿಯಾದಿಂದಲೇ ಬಂದ 696 ಪ್ರಕರಣಗಳನ್ನು ನೋಡಿತು. ಅಲ್ಲಿ ಕುತ್ತಿಗೆ ಸೆಟೆತ ಶೇ 83ರಷ್ಟು. ಜೀವ ತೆಗೆಯುವ ಬಗೆಯಲ್ಲಿ ಈ ಚಿಹ್ನೆ ಬಹುಪಾಲು ಇದ್ದೇ ಇರುತ್ತದೆ.

ಹಾಗೆಂದು ಅದಕ್ಕಾಗಿ ಕಾಯುವಂತಿಲ್ಲ. ಅದೇ ಡಚ್ ರೋಗಿಗಳಲ್ಲಿ ಜ್ವರ, ಕುತ್ತಿಗೆ ಸೆಟೆತ, ಪ್ರಜ್ಞೆಯ ಏರುಪೇರು ಮೂರೂ ಕೂಡಿ ಬಂದದ್ದು ಶೇ 44ರಲ್ಲಿ ಮಾತ್ರ; ತಲೆನೋವನ್ನೂ ಸೇರಿಸಿ ನಾಲ್ಕರಲ್ಲಿ ಎರಡಾದರೂ ಇದ್ದದ್ದು ಶೇ 95ರಲ್ಲಿ. ಆದ್ದರಿಂದ ಜ್ವರದ ರೋಗಿ ತಲೆನೋವೆಂದು ನರಳುತ್ತಿದ್ದರೆ, ಅಥವಾ ಸಂಜೆ ಸರಿಯಾಗಿ ಮಾತಾಡಿದವರು ರಾತ್ರಿ ತಡವರಿಸಿದರೆ, ಕುತ್ತಿಗೆ ಸಲೀಸಾಗಿ ಬಗ್ಗಿದರೂ ವೈದ್ಯರನ್ನು ಕರೆಯಲೇಬೇಕು. ಆ ವ್ಯತ್ಯಾಸ ಮೊದಲು ಕಣ್ಣಿಗೆ ಬೀಳುವುದು ರಾತ್ರಿಪಾಳಿಯ ಶುಶ್ರೂಷಕರಿಗೆ. ಬಹುಶಃ ಅವರ ಅತಿ ದೊಡ್ಡ ಕೊಡುಗೆಯೂ ಅದೇ.

ಮಕ್ಕಳ ಲೆಕ್ಕ ಬೇರೆ. ಹಸುಗೂಸಿನಲ್ಲಿ ಕುತ್ತಿಗೆಗಿಂತ ಉಬ್ಬಿದ ನೆತ್ತಿ, ಹಾಲು ಬಿಟ್ಟದ್ದು, ಕೀರಲು ಅಳು ಮುಖ್ಯ. ಬ್ರಿಟನ್ನಿನ ಮೆನಿಂಗೋಕಾಕಲ್ ರೋಗದ ಮಕ್ಕಳನ್ನು ಕುರಿತ 2006ರ ಅಧ್ಯಯನದಲ್ಲಿ ಕಾಲುನೋವು, ತಣ್ಣಗಾದ ಕೈಕಾಲು, ಬದಲಾದ ಚರ್ಮದ ಬಣ್ಣ ಇವುಗಳಲ್ಲಿ ಒಂದಾದರೂ ಶೇ 72ರಷ್ಟು ಮಕ್ಕಳಲ್ಲಿ, ಸಾಮಾನ್ಯವಾಗಿ ಕುತ್ತಿಗೆ ಸೆಟೆಯುವ ಮುನ್ನವೇ, ಕಂಡಿತ್ತು.

ಮೇಲಿನ ಎರಡೂ ವಯಸ್ಕರ ಅಧ್ಯಯನಗಳು ಆಸ್ಪತ್ರೆಗೆ ಬಂದ ಹೊತ್ತಿನ ಸ್ಥಿತಿಯನ್ನು ಅಳೆದವು; ಗಂಟೆಗೊಮ್ಮೆ ನೋಡುವ ಕಣ್ಣಿನ ಬೆಲೆಯನ್ನಲ್ಲ. ವಾರಗಟ್ಟಲೆ ಮೆಲ್ಲನೆ ಬಲಿಯುವ ಕ್ಷಯದ ಮೆನಿಂಜೈಟಿಸ್‌ಗೆ ಈ ಅಂಕಿಗಳನ್ನು ಹಾಗೇ ಅನ್ವಯಿಸುವಂತಿಲ್ಲ. ಭಾರತದ ವಾರ್ಡುಗಳಲ್ಲಿ ಅದನ್ನೇ ಪ್ರತ್ಯೇಕವಾಗಿ ಪರೀಕ್ಷಿಸಬೇಕಿದೆ.