ದ್ವಿಚಕ್ರದ ದಾಯಾದಿಗಳು

ರಸ್ತೆಯ ಮೇಲೆ ನಡೆಯುವ ಕಲಹಗಳೆಲ್ಲ ಒಂದೇ ಜಾತಿಯವಲ್ಲ. ಲಾರಿಗೂ ಎತ್ತಿನ ಗಾಡಿಗೂ, ಕಾರಿಗೂ ಪಾದಚಾರಿಗೂ ಆಗುವ ಘರ್ಷಣೆಯಲ್ಲಿ ವಾದಿ ಪ್ರತಿವಾದಿಗಳು ಪರಸ್ಪರ ಪರಕೀಯರು. ಒಬ್ಬನ ಕುಲಗೋತ್ರ ಇನ್ನೊಬ್ಬನಿಗೆ ತಿಳಿಯದು. ಸೈಕಲ್ಲಿಗೂ ಮೋಟಾರ್ ಸೈಕಲ್ಲಿಗೂ ಇರುವ ವೈಮನಸ್ಯವಾದರೋ ಶುದ್ಧ ದಾಯಾದಿ ಮತ್ಸರ. ನಮ್ಮ ಊರೂರುಗಳಲ್ಲಿ ಗುಡುಗುಟ್ಟಿಕೊಂಡು ತಿರುಗುವ ರಾಯಲ್ ಎನ್‌ಫೀಲ್ಡಿನ ಮೂಲಸಂಸ್ಥೆ ಇಂಗ್ಲೆಂಡಿನ ರೆಡಿಚ್‌ನಲ್ಲಿ ಸೈಕಲ್ಲುಗಳನ್ನು ಮಾಡಿ ಮಾರುತ್ತಿದ್ದು, 1901ರಲ್ಲಿ ತನ್ನ ಮೊದಲ ಮೋಟಾರ್ ಸೈಕಲ್ಲನ್ನು ಹೊರತಂದಿತು. ಕೊವೆಂಟ್ರಿಯ ಟ್ರಯಂಫ್ ಸಂಸ್ಥೆಯೂ ಸೈಕಲ್ ವ್ಯಾಪಾರದಿಂದಲೇ ಬಂದು ಮರುವರ್ಷ ಅದೇ ಹಾದಿ ಹಿಡಿಯಿತು. ಚೌಕಟ್ಟು, ಹ್ಯಾಂಡಲ್, ಕಡ್ಡಿಗಳ ಚಕ್ರ, ಗಾಳಿ ತುಂಬಿದ ಟಯರು, ಇವೆಲ್ಲವನ್ನೂ ಕಿರಿಯನು ಹಿರಿಯನಿಂದ ಪಿತ್ರಾರ್ಜಿತವಾಗಿ ಪಡೆದವನು. ಹಾಗೆ ಪಡೆದುದರಲ್ಲಿ ರಸ್ತೆಯೂ ಸೇರಿತ್ತೆಂಬುದೇ ಮುಂದಿನ ವ್ಯಾಜ್ಯಕ್ಕೆಲ್ಲ ಮೂಲ.

ಈ ವ್ಯಾಜ್ಯದ ಪೂರ್ವೋತ್ತರವನ್ನು ತಿಳಿಯಬೇಕೆಂಬವನು ಹಾಲೆಂಡಿನ ಚರಿತ್ರೆಯನ್ನು ನೋಡಬೇಕು. ಹಲವೆಡೆ ಸಮುದ್ರಮಟ್ಟಕ್ಕಿಂತಲೂ ತಗ್ಗಾದ ಆ ಸಮತಟ್ಟು ನಾಡಿನಲ್ಲಿ ಸೈಕಲ್ಲು ಬಡವನ ವಾಹನವಾಗಿ ಮಾತ್ರ ಉಳಿಯದೆ ಮಂತ್ರಿ, ಪಾದ್ರಿ, ಗೃಹಿಣಿಯರೆಲ್ಲರ ನಿತ್ಯೋಪಯೋಗದ ವಸ್ತುವಾಯಿತು. ಮೇಲಾಗಿ, ಆ ಜನ ತಮ್ಮ ತಂಟೆತಕರಾರುಗಳನ್ನು ಬೀದಿಯಲ್ಲೇ ಬಿಡದೆ ಶಾಸನರೂಪಕ್ಕೆ ತಂದು ಬರೆದಿಡುವ ಸ್ವಭಾವದವರಾದುದರಿಂದ, ಸೈಕಲ್ಲಿಗೂ ಎಂಜಿನ್ನಿಗೂ ನಡೆದ ಪಾಲುಪಾರೀಕತ್ತಿನ ಒಂದೊಂದು ಹಂತಕ್ಕೂ ಅಲ್ಲಿ ದಿನಾಂಕ ಸಮೇತ ದಾಖಲೆಯುಂಟು.

1883ರಲ್ಲಿ ಉಟ್ರೆಕ್ಟ್ ನಗರದಲ್ಲಿ ಸೈಕಲ್ ಸವಾರರು ಒಂದು ಸಂಘವನ್ನು ಕಟ್ಟಿಕೊಂಡರು. ಅದು ಕೆಲಕಾಲದಲ್ಲಿಯೇ ಎ.ಎನ್.ಡಬ್ಲ್ಯು.ಬಿ. ಎಂಬ ಹೆಸರನ್ನು ತಾಳಿತು. 1885ರಲ್ಲಿ ಅದೇ ನಗರದ ಮಾಲೀಬಾನ್ ಎಂಬ ಸಾಲುಮರದ ಬೀದಿಯಲ್ಲಿ ಸೈಕಲ್ಲಿಗೆಂದೇ ಒಂದು ಪಥವನ್ನು ಬೇರೆಮಾಡಿ ಬಿಟ್ಟುಕೊಟ್ಟರು; ಆ ದೇಶದ ಮೊದಲ ಸೈಕಲ್ ಪಥ ಇದೇ ಎಂದು ಪ್ರತೀತಿ. ಊರಿಂದೂರಿಗೆ ದಾರಿ ತೋರುವ ಕೈಕಂಬಗಳನ್ನು ನೆಡುವುದು, ಕೆಟ್ಟ ರಸ್ತೆಗಳ ವಿಷಯದಲ್ಲಿ ಸರ್ಕಾರವನ್ನು ಎಡೆಬಿಡದೆ ಪೀಡಿಸುವುದು, ಇವು ಸಂಘದ ಆರಂಭಕಾಲದ ಕಾರ್ಯಗಳಾಗಿದ್ದವು. ಮೋಟಾರು ಬಂದಾಗ ಸಂಘದ ಸದಸ್ಯರಲ್ಲಿ ಹಣವಂತರು ಮೊದಲು ಅದನ್ನು ಕೊಂಡರು. ಸಂಘವೂ ಅವರ ಹಿಂದೆಯೇ ನಡೆಯಿತು. ಸೈಕಲ್ ಸವಾರರು ಕಟ್ಟಿದ ಸಂಸ್ಥೆ ಮೋಟಾರು ಮಾಲೀಕರ ವಕೀಲಿ ವಹಿಸುವಂತಾದುದರಲ್ಲಿ ದ್ರೋಹವನ್ನು ಹುಡುಕುವುದು ಅನಾವಶ್ಯಕವೆಂದು ನನ್ನ ಅಭಿಪ್ರಾಯ. ಆ ಕಾಲದಲ್ಲಿ ಎರಡೂ ಒಂದೇ ಕುಟುಂಬವೆಂಬ ಭಾವನೆ ಎಷ್ಟು ಸಹಜವಾಗಿತ್ತೆಂದರೆ, 1905ರಲ್ಲಿ ಅಲ್ಲಿಯ ಸಂಸತ್ತು ಮಾಡಿದ ಕಾನೂನು ಮೋಟಾರು ಮತ್ತು ಸೈಕಲ್ಲು ಎರಡಕ್ಕೂ ಸಂಬಂಧಿಸಿದ ಒಂದೇ ಶಾಸನವಾಗಿತ್ತು, ಹೆಸರೂ ಹಾಗೆಯೇ.

ಒಟ್ಟು ಕುಟುಂಬದಲ್ಲಿ ಮನಸ್ತಾಪ ಮೊದಲು ಹುಟ್ಟುವುದು ಲೆಕ್ಕಪತ್ರದಲ್ಲಿ. 1924ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಹೆಂಡ್ರಿಕ್ ಕೊಲೈನ್ ಬೊಕ್ಕಸದ ಕೊರತೆಯನ್ನು ತುಂಬುವ ಸಲುವಾಗಿ ಪ್ರತಿಯೊಂದು ಸೈಕಲ್ಲಿನ ಮೇಲೂ ವರ್ಷಕ್ಕೆ 3 ಗಿಲ್ಡರ್ ತೆರಿಗೆ ವಿಧಿಸಿದನು. ತೆರಿಗೆ ಕೊಟ್ಟವನಿಗೆ ಒಂದು ಲೋಹದ ಬಿಲ್ಲೆ. ಅದನ್ನು ಸೈಕಲ್ಲಿನ ಮುಂಭಾಗದಲ್ಲಿ ಎಲ್ಲರಿಗೂ ಕಾಣುವಂತೆ ತಗಲಿಸಿಕೊಳ್ಳತಕ್ಕದ್ದು. ನಮ್ಮ ಪುರಸಭೆಗಳು ಕೊಡುತ್ತಿದ್ದ ಸೈಕಲ್ ಬಿಲ್ಲೆಯನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಬಿಲ್ಲೆಯಿಲ್ಲದ ಸೈಕಲ್ಲನ್ನು ಅಡ್ಡದಾರಿಯಲ್ಲಿ ತಳ್ಳಿಕೊಂಡು ಹೋಗುವ ಕಲೆ ಎರಡು ದೇಶಗಳಲ್ಲಿಯೂ ಸ್ವತಂತ್ರವಾಗಿ ವಿಕಾಸಗೊಂಡಿರಲು ಸಾಕು. ಆದರೆ ಡಚ್ಚರ ಬಿಲ್ಲೆಯಲ್ಲಿ ಒಂದು ಕ್ರೂರ ವಿಶೇಷವಿತ್ತು. ಮೂರು ಗಿಲ್ಡರ್ ಕೊಡಲಾರದ ದರಿದ್ರರಿಗೆ ಸರ್ಕಾರ ಬಿಲ್ಲೆಯನ್ನು ಪುಕ್ಕಟೆಯಾಗಿ ಕೊಡುತ್ತಿತ್ತು. ಹಾಗೆ ಕೊಡುವಾಗ ಅದರ ನಡುವೆ ದುಂಡಗೆ ಒಂದು ತೂತನ್ನು ಕೊರೆದು ಕೊಡುತ್ತಿತ್ತು. ಮೂವತ್ತರ ದಶಕದ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡವನು ಮನೆಯಿಂದ ಹೊರಟೊಡನೆಯೇ ಆ ತೂತು ಅವನ ನಿರುದ್ಯೋಗವನ್ನು ಬೀದಿಬೀದಿಗೆ ಸಾರುತ್ತಿತ್ತು.

ಈ ತೆರಿಗೆಯ ಹಣ ಹೋದುದೆಲ್ಲಿಗೆ? 1926ರ ಶಾಸನದ ಮೇರೆಗೆ ಏರ್ಪಟ್ಟ ರಸ್ತೆ ನಿಧಿಗೆ ಮೋಟಾರು ತೆರಿಗೆಯ ಜೊತೆಯಲ್ಲಿ ಸೈಕಲ್ ತೆರಿಗೆಯೂ ಸಂದಾಯವಾಗುತ್ತಿತ್ತು. ಆ ನಿಧಿಯಿಂದ ಮೋಟಾರು ಓಡುವ ಹೆದ್ದಾರಿಗಳೂ ಅವುಗಳ ಪಕ್ಕದಲ್ಲಿ ಸೈಕಲ್ ಪಥಗಳೂ ಆದವು. ಪಥಗಳನ್ನು ಮಾಡಿದ್ದು ಸೈಕಲ್ ಸವಾರನ ಮೇಲಣ ಪ್ರೀತಿಯಿಂದ ಮಾತ್ರವೆಂದು ಹೇಳುವಂತಿಲ್ಲ. ಮೋಟಾರಿಗೆ ಅಡ್ಡಬಾರದಂತೆ ಅವನನ್ನು ಅಂಚಿಗೆ ಸರಿಸುವ ಉದ್ದೇಶವೂ ಅದರಲ್ಲಿತ್ತು. ಹೇಗೇ ಇರಲಿ, ಅಂಚಿನ ಆ ಕಿರಿದಾದ ಪಟ್ಟಿ ತನ್ನ ಹಣದಿಂದಲೇ ಆದುದು, ಆದಕಾರಣ ತನ್ನದೇ ಎಂಬ ಅಭಿಮಾನ ಸವಾರನಲ್ಲಿ ಬೇರೂರಿತು. ತೆರಿಗೆಯನ್ನು 1941ರಲ್ಲಿ, ದೇಶವನ್ನು ಆಕ್ರಮಿಸಿದ್ದ ಜರ್ಮನರು ರದ್ದುಮಾಡಿದರು. ಅವರ ಆಳ್ವಿಕೆಯಲ್ಲಿ ಡಚ್ಚರಿಗೆ ಒಪ್ಪಿಗೆಯಾಗಿದ್ದಿರಬಹುದಾದ ಅಪರೂಪದ ಕಾರ್ಯಗಳಲ್ಲಿ ಇದೊಂದು.

ಯುದ್ಧಾನಂತರ ಎಂಜಿನ್ನು ಹೊಸ ವೇಷದಲ್ಲಿ ಬಂದಿತು. ಫ್ರಾನ್ಸಿನಲ್ಲಿ 1946ರಲ್ಲಿ ಮಾರಾಟಕ್ಕೆ ಬಂದ ಸೋಲೆಕ್ಸ್ ಎಂಬ ಯಂತ್ರವನ್ನು 1948ರಿಂದ ಹಾಲೆಂಡಿನಲ್ಲಿಯೇ ತಯಾರಿಸತೊಡಗಿದರು. ಕಪ್ಪು ಬಣ್ಣದ ಸಾಮಾನ್ಯ ಸೈಕಲ್ಲು, ಅದರ ಮುಂಚಕ್ರದ ಮೇಲೆ ಒಂದು ಪುಟ್ಟ ಎಂಜಿನ್ನು. ಕೈಯಿಂದ ಸನ್ನೆಗೋಲನ್ನು ಮುಂದಕ್ಕೆ ತಳ್ಳಿದರೆ ಎಂಜಿನ್ನು ಕೆಳಗಿಳಿದು ಅದರ ಉರುಳೆ ಟಯರಿಗೆ ಒತ್ತಿಕೊಳ್ಳುವುದು, ಆ ಉಜ್ಜಾಟದಿಂದಲೇ ಚಕ್ರ ತಿರುಗುವುದು. ಮಳೆಯಲ್ಲಿ ಉರುಳೆ ಜಾರುತ್ತಿತ್ತು. ಆಗ ಪೆಡಲ್ ತುಳಿಯಬೇಕಾಗುತ್ತಿತ್ತು. ಇಂಥ ಬಡಪಾಯಿ ಯಂತ್ರವನ್ನು ಮೋಟಾರ್ ಸೈಕಲ್ಲೆಂದು ಕರೆದು ಲೈಸೆನ್ಸು ನೋಂದಣಿಗಳ ಭಾರವನ್ನು ಅದರ ಮೇಲೆ ಹೇರುವುದು ಅನ್ಯಾಯವೆಂದು ಶಾಸನಕರ್ತರಿಗೆ ತೋರಿದುದರಲ್ಲಿ ಆಶ್ಚರ್ಯವೇನೂ ಇಲ್ಲ. 50 ಸಿ.ಸಿ.ಗೆ ಮೀರದ ಎಂಜಿನ್ನುಳ್ಳ ಇಂಥ ವಾಹನವನ್ನು ಅವರು ‘ಸಹಾಯಕ ಎಂಜಿನ್ನುಳ್ಳ ಸೈಕಲ್ಲು’ ಎಂದು ಪರಿಗಣಿಸಿದರು. 16 ವರ್ಷ ತುಂಬಿದವನು ಚಾಲನಾ ಪರೀಕ್ಷೆಯಿಲ್ಲದೆ ಅದನ್ನು ಓಡಿಸಬಹುದಾಗಿತ್ತು. ಮತ್ತು ಸೈಕಲ್ ಪಥವಿದ್ದೆಡೆ ಅದು ಆ ಪಥದಲ್ಲಿಯೇ ಹೋಗತಕ್ಕದ್ದೆಂದಾಯಿತು.

ಈ ಕಡೆಯ ಷರತ್ತಿನಲ್ಲಿ ಅರ್ಧ ಶತಮಾನದ ಜಗಳ ಹುದುಗಿತ್ತು. ಕಾನೂನು ವಾಹನವನ್ನು ಅದರ ಹುಟ್ಟಿನಿಂದ ಗುರುತಿಸಿತೇ ಹೊರತು ಬೆಳೆವಣಿಗೆಯಿಂದಲ್ಲ. ಸೋಲೆಕ್ಸಿನ ಹಿಂದೆಯೇ ಆಸ್ಟ್ರಿಯದ ಪುಖ್, ಜರ್ಮನಿಯ ಕ್ರೈಡ್ಲರ್ ಮತ್ತು ಜುಂಡಾಪ್ ಮೊಪೆಡ್ಡುಗಳು ಬಂದವು. ಗಜೆಲ್, ಬಟಾವುಸ್, ಸ್ಪಾರ್ಟಾ ಮೊದಲಾದ ಡಚ್ ಸೈಕಲ್ ಕಂಪನಿಗಳೂ ತಾವೇ ಮೊಪೆಡ್ಡು ಮಾಡತೊಡಗಿದವು. ಅವುಗಳಿಗೆ ಪೆಡಲ್ ಇದ್ದುದು ಕಾನೂನಿನ ಕಣ್ಣಿಗೆ ಮಾತ್ರ. ಐವತ್ತರ ಮತ್ತು ಅರವತ್ತರ ದಶಕಗಳ ಆಮ್‌ಸ್ಟರ್‌ಡಾಮಿನಲ್ಲಿ ಲೈಡ್ಸೆಪ್ಲೈನ್ ಚೌಕದ ತರುಣರು ಎತ್ತರದ ಹ್ಯಾಂಡಲಿನ ಪುಖ್ ಏರಿ, ನ್ಯೂವೆನ್‌ಡೈಕ್ ಬೀದಿಯ ತರುಣರು ತಮ್ಮ ಪಂಗಡದ ಮೊಪೆಡ್ಡುಗಳನ್ನೇರಿ ಪರಸ್ಪರ ಹಗೆ ಸಾಧಿಸುತ್ತಿದ್ದರು. ಸೈಲೆನ್ಸರಿನ ಒಳಗಣ ತಡೆಯನ್ನು ಕಿತ್ತುಹಾಕಿ, ಕಾರ್ಬ್ಯುರೇಟರನ್ನು ದೊಡ್ಡದು ಮಾಡಿ, ಹಲ್ಲುಚಕ್ರವನ್ನು ಬದಲಿಸಿ, ಗಂಟೆಗೆ 40 ಕಿಲೋಮೀಟರಿಗೆ ಮೀರಬಾರದ ವಾಹನವನ್ನು ಅದರ ಇಮ್ಮಡಿ ವೇಗಕ್ಕೆ ಏರಿಸುವ ವಿದ್ಯೆ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಪೊಲೀಸರು ಪ್ರತಿವಿದ್ಯೆಯಾಗಿ ಉರುಳೆಗಳ ಮಣೆಯೊಂದನ್ನು ರಸ್ತೆಬದಿಯಲ್ಲಿ ಹೂಡಿ, ಹಿಡಿದ ಮೊಪೆಡ್ಡಿನ ಚಕ್ರವನ್ನು ಅದರ ಮೇಲೆ ನಿಲ್ಲಿಸಿ, ಪೂರ್ಣ ವೇಗದಲ್ಲಿ ಓಡಿಸಿ, ಮುಳ್ಳು ಎಲ್ಲಿಗೆ ಹೋಗುವುದೆಂದು ನೋಡುವ ಪದ್ಧತಿಯನ್ನು ತಂದರು.

ಇತ್ತ ಪಥದ ಪರಂಪರಾಗತ ಹಕ್ಕುದಾರನಾದ ಸೈಕಲ್ ಸವಾರನ ಪಾಡನ್ನು ಊಹಿಸಿಕೊಳ್ಳಬೇಕು. ಅವನು ಕಿವಿಯಿಂದ ಹಿಂಬದಿಯನ್ನು ನೋಡುವವನು. ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ, ಪಕ್ಕದಲ್ಲಿ ಗೆಳೆಯನೊಡನೆ ಮಾತನಾಡುತ್ತ, ಅಥವಾ ಕ್ಯಾರಿಯರಿನ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗುತ್ತಿರುವವನ ಬೆನ್ನ ಹಿಂದೆ ಒಮ್ಮೆಗೇ ಅರಚಾಟವೆದ್ದು, ಅವನು ಯಾವ ಕಡೆ ಸರಿಯಬೇಕೆಂದು ನಿಶ್ಚಯಿಸುವುದರೊಳಗೆ ಹ್ಯಾಂಡಲಿಗೆ ಹ್ಯಾಂಡಲ್ ತಗಲುವಷ್ಟು ಸಮೀಪದಲ್ಲಿ ಮೊಪೆಡ್ಡು ದಾಟಿಹೋಗಿ, ಎರಡು ಸ್ಟ್ರೋಕಿನ ಎಂಜಿನ್ನಿನ ನೀಲಿ ಹೊಗೆಯನ್ನು ಅವನ ಪಾಲಿಗೆ ಬಿಟ್ಟಿರುತ್ತಿತ್ತು. ಮೊಪೆಡ್ಡಿನವನಿಗೂ ದೂರಿಲ್ಲದಿರಲಿಲ್ಲ. ಸೈಕಲ್ಲಿನವರು ಇಬ್ಬಿಬ್ಬರು ಮೂವರು ಸಾಲಾಗಿ ಹರಟುತ್ತ ದಾರಿ ತುಂಬಿ ಹೋಗುತ್ತಾರೆ, ಕೈ ತೋರಿಸದೆ ತಿರುಗುತ್ತಾರೆ, ಕತ್ತಲಲ್ಲಿ ದೀಪವಿಲ್ಲದೆ ಬರುತ್ತಾರೆ ಎಂಬ ಅವನ ಆಕ್ಷೇಪಣೆ ನಿರಾಧಾರವಾದುದಲ್ಲ; ತನ್ನನ್ನು ಅಲ್ಲಿಗೆ ಕಳಿಸಿದುದು ಕಾನೂನೇ ಹೊರತು ತನ್ನ ಇಚ್ಛೆಯಲ್ಲವೆಂಬುದಂತೂ ಪೂರ್ಣ ಸತ್ಯ.

1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಮಿಕ್ಕವರು ಮಕ್ಕಳು. ಮಕ್ಕಳ ಕೊಲೆಯನ್ನು ನಿಲ್ಲಿಸಿ ಎಂಬ ಘೋಷಣೆಯನ್ನೇ ಹೆಸರಾಗಿ ಇಟ್ಟುಕೊಂಡ ಚಳವಳಿ ಎದ್ದಿತು. ಅದರ ಮುಖ್ಯ ಪ್ರತಿಕಕ್ಷಿ ಕಾರು. ಆ ಕಥೆ ಬೇರೆ. ನಮ್ಮ ಕಥೆಗೆ ಸಂಬಂಧಪಟ್ಟುದು 1975ರ ಎರಡು ಸಂಗತಿಗಳು. ಆ ವರ್ಷ ಸೈಕಲ್ ಸವಾರರು ಹೊಸದಾಗಿ ಒಂದು ಸಂಘವನ್ನು ಸ್ಥಾಪಿಸಿ, ‘ಮೊದಲ, ಏಕೈಕ, ನಿಜವಾದ’ ಸೈಕಲ್ ಸವಾರರ ಸಂಘವೆಂಬ ಚುಚ್ಚುಮಾತಿನ ಹೆಸರನ್ನು ಇಟ್ಟರು. ಅದನ್ನು ಸಂಕ್ಷೇಪಿಸಿದರೆ ಎ.ಎನ್.ಡಬ್ಲ್ಯು.ಬಿ.ಯ ಮೊದಲ ಅಕ್ಷರವೊಂದು ಮಾತ್ರ ವ್ಯತ್ಯಾಸವಾಗುತ್ತಿತ್ತು. ಹಳೆಯ ಸಂಘಕ್ಕೆ ಇದು ಸಹನೆಯಾಗಲಿಲ್ಲ. ವಿಷಯ ನ್ಯಾಯಾಲಯದ ಮೆಟ್ಟಿಲೇರಿ ಹೊಸ ಸಂಘ ಹೆಸರನ್ನು ಬದಲಿಸಬೇಕಾಯಿತು. ಎರಡನೆಯದು, ಮೊಪೆಡ್ ಸವಾರರಿಗೆ ಅದೇ ವರ್ಷ ಶಿರಸ್ತ್ರಾಣ ಕಡ್ಡಾಯವಾದುದು. ಕ್ರಾಪು ಕೆಡುವುದೆಂಬ ಭಯವೋ, ಹೆಲ್ಮೆಟ್ಟನ್ನು ಎಲ್ಲಿಡಬೇಕೆಂಬ ತೊಡಕೋ, ಮೊಪೆಡ್ಡಿನ ಮಾರಾಟ ಕುಸಿಯಿತು.

ಅದನ್ನು ಕಂಡು ಮರುಗಿದ ಸರ್ಕಾರ ಮತ್ತೊಂದು ವಿನಾಯಿತಿಯನ್ನು ಕೊಟ್ಟಿತು. ವೇಗ ಕಡಮೆಯಿರುವ ಮೊಪೆಡ್ಡಾದರೆ ಶಿರಸ್ತ್ರಾಣ ಬೇಡ. ಅದು ‘ಸ್ನೊರ್‌ಫೀಟ್ಸ್’ ಎಂಬ ಬೇರೆ ವರ್ಗ. ಮೊದಮೊದಲು ಇದನ್ನು ಹಿಡಿದವರು ಮಂಡಿ ನೋವಿನ ವೃದ್ಧರು, ಎದುರುಗಾಳಿಗೆ ಹೆದರುವವರು. ಯಾರೂ ತಂಟೆ ಮಾಡಲಿಲ್ಲ. ಇದರ ನಿಯಮಗಳಲ್ಲಿ ಒಂದು ಬಹಳ ರಮ್ಯವಾದುದು: ಕಡ್ಡಾಯವಲ್ಲದ ಕೆಲವು ಸೈಕಲ್ ಪಥಗಳಲ್ಲಿ ಪೆಟ್ರೋಲಿನ ಸ್ನೊರ್‌ಫೀಟ್ಸ್ ಹೋಗಬಹುದು, ಎಂಜಿನ್ನನ್ನು ನಿಲ್ಲಿಸಿಕೊಂಡು! ಆದರೆ ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಇಟಲಿಯ ಮಾದರಿಯ ದಪ್ಪ ಸ್ಕೂಟರುಗಳು ಇದೇ ವರ್ಗದ ನೀಲಿ ನಂಬರ್ ಫಲಕವನ್ನು ಧರಿಸಿ, ಬರಿದಲೆಯ ತರುಣರನ್ನು ಹೊತ್ತು ಆಮ್‌ಸ್ಟರ್‌ಡಾಮಿನ ಸೈಕಲ್ ಪಥಗಳಿಗೆ ಇಳಿದವು. ಸೈಕಲ್ಲಿನ ಅಗಲಕ್ಕೆ ಕಾನೂನು ಹಾಕಿದ ಮಿತಿ 75 ಸೆಂಟಿಮೀಟರ್, ಇವುಗಳಿಗೆ 110. ಗಂಟೆಗೆ 25 ಕಿಲೋಮೀಟರ್ ಎಂಬ ಮಿತಿ ಕಾಗದದ ಮೇಲೆ ಉಳಿಯಿತು.

ಅಂತೂ ಪಾಲಾಗುವ ಕಾಲ ಬಂದಿತು. ಹಳದಿ ಫಲಕದ ವೇಗದ ಮೊಪೆಡ್ಡುಗಳನ್ನು 1999ರ ಡಿಸೆಂಬರ್ 15ರಂದೇ ಊರೊಳಗಿನ ಸೈಕಲ್ ಪಥಗಳಿಂದ ಮುಖ್ಯ ರಸ್ತೆಗೆ ಇಳಿಸಿಯಾಗಿತ್ತು. ನೀಲಿ ಫಲಕದವುಗಳನ್ನು ಆಮ್‌ಸ್ಟರ್‌ಡಾಮ್ ನಗರ 2019ರ ಏಪ್ರಿಲ್ 8ರಂದು, ವರ್ತುಲ ಹೆದ್ದಾರಿಯ ಒಳಭಾಗದಲ್ಲಿ, ತಲೆಗೆ ಹೆಲ್ಮೆಟ್ ತೊಡಿಸಿ ರಸ್ತೆಗೆ ಕಳಿಸಿತು. ಐವತ್ತರ ವೇಗದ ಕಾರುಗಳ ಮುಂದೆ ಇಪ್ಪತ್ತೈದರ ವಾಹನವನ್ನು ನೂಕುವುದು ನ್ಯಾಯವೇ ಎಂದು ಅವುಗಳ ಸವಾರರು ಕೇಳಿದರು, ಕೇಳಿದುದು ತಪ್ಪಲ್ಲ. ನಗರದ ಬಹುಪಾಲು ರಸ್ತೆಗಳಲ್ಲಿ ಕಾರಿನ ವೇಗವನ್ನೇ 30ಕ್ಕೆ ಇಳಿಸಿದುದು 2023ರ ಡಿಸೆಂಬರಿನಲ್ಲಿ, ಅಂದರೆ ನಾಲ್ಕು ವರ್ಷಗಳಿಗೂ ಮೇಲ್ಪಟ್ಟು ತಡವಾಗಿ. ಅದೇ 2023ರ ಜನವರಿಯಿಂದ ಸ್ನೊರ್‌ಫೀಟ್ಸಿಗೆ ಇಡೀ ದೇಶದಲ್ಲಿ ಹೆಲ್ಮೆಟ್ ಕಡ್ಡಾಯವಾಗಿದೆ.

ನಮ್ಮ ಮೋಟಾರು ವಾಹನ ಶಾಸನದಲ್ಲಿಯೂ ಇಂಥ ವಿನಾಯಿತಿಯ ಕಿಂಡಿಗಳು ಇಲ್ಲದಿಲ್ಲ. ನಾಲ್ಕಕ್ಕಿಂತ ಕಡಮೆ ಚಕ್ರಗಳಿದ್ದು ಎಂಜಿನ್ನು 25 ಸಿ.ಸಿ.ಗೆ ಮೀರದಿದ್ದರೆ ಅದು ಶಾಸನದ ದೃಷ್ಟಿಯಲ್ಲಿ ಮೋಟಾರು ವಾಹನವೇ ಅಲ್ಲ. 250 ವಾಟ್ ಶಕ್ತಿಯ, ಗಂಟೆಗೆ 25 ಕಿಲೋಮೀಟರಿನೊಳಗೆ ಓಡುವ ವಿದ್ಯುತ್ ಸ್ಕೂಟರಿಗೂ ನಿಯಮಗಳಲ್ಲಿ ಇಂಥದೇ ಬಿಡುಗಡೆಯುಂಟು. ನಮ್ಮಲ್ಲಿ ಕೊರತೆಯೆಂದರೆ ಜಗಳವಾಡುವುದಕ್ಕೆ ಸೈಕಲ್ ಪಥವೇ ವಿರಳ. ಬೆಂಗಳೂರಿನಲ್ಲಿ ಅಲ್ಲಲ್ಲಿ ಬಣ್ಣ ಬಳಿದು ಗುರುತಿಸಿದ ಪಟ್ಟಿಗಳ ಮೇಲೆ ಮೋಟಾರ್ ಸೈಕಲ್ಲುಗಳು ಓಡುವುದಕ್ಕಿಂತ ಹೆಚ್ಚಾಗಿ ನಿಂತಿರುತ್ತವೆ.

ಡಚ್ಚರ ವ್ಯಾಜ್ಯವೂ ಮುಗಿಯಲಿಲ್ಲ. ಸ್ಕೂಟರುಗಳು ತೆರವು ಮಾಡಿದ ಪಥಕ್ಕೆ ದಪ್ಪ ಟಯರಿನ ವಿದ್ಯುತ್ ಸೈಕಲ್ಲುಗಳು ಬಂದಿವೆ. ಪೆಡಲ್ ತುಳಿದಾಗ ಮಾತ್ರ ಮೋಟಾರು ನೆರವಾಗಿ, ಅದೂ 25 ಕಿಲೋಮೀಟರಿಗೆ ನಿಲ್ಲುವುದಾದರೆ ಕಾನೂನಿನಲ್ಲಿ ಅದು ಸೈಕಲ್ಲೇ. ಮೊಬೈಲಿನ ಒಂದು ಆ್ಯಪಿನಿಂದ ಆ ಮಿತಿಯನ್ನು ಕಳಚುವುದು ಹಿಂದಿನವರು ಹಲ್ಲುಚಕ್ರ ಬದಲಿಸಿದುದಕ್ಕಿಂತ ಸುಲಭ. ಪೊಲೀಸರು ಮತ್ತೆ ಉರುಳೆಯ ಮಣೆಗಳನ್ನು ಹೊತ್ತು ಬೀದಿಗೆ ಬಂದಿದ್ದಾರೆ. ಇವುಗಳ ಸವಾರರಿಗೆ ಹೆಲ್ಮೆಟ್ಟೂ ವಯೋಮಿತಿಯೂ ಇರಬೇಕೆಂದು ಹೇಗ್‌ನಲ್ಲಿ ಸಂಸತ್ಸದಸ್ಯರು ಒತ್ತಾಯಿಸಿದಾಗ ಸರ್ಕಾರದಿಂದ ಬಂದ ಉತ್ತರವೆಂದರೆ, ದಪ್ಪ ಟಯರಿನದನ್ನು ಮಿಕ್ಕ ವಿದ್ಯುತ್ ಸೈಕಲ್ಲುಗಳಿಂದ ಶಾಸನದ ಭಾಷೆಯಲ್ಲಿ ಬೇರ್ಪಡಿಸುವುದು ಬಹಳ ಕಷ್ಟವೆಂಬುದು. ಟಯರಿನ ಅಗಲವನ್ನು ಅಳತೆಗೋಲಾಗಿ ಮಾಡಿದರೆ, ಅದಕ್ಕಿಂತ ಒಂದು ಬೆರಳು ಸಣ್ಣ ಟಯರನ್ನು ಮಾಡಿ ಮಾರುವುದಕ್ಕೆ ಕಾರ್ಖಾನೆಯವರಿಗೆ ಎಷ್ಟು ದಿನ ಬೇಕು?