ಕಡಲಿಗೆ ಮೋಡ, ಮರುಭೂಮಿಗೆ 50 ಡಿಗ್ರಿ: ದಕ್ಷಿಣ ಕ್ಯಾಲಿಫೋರ್ನಿಯಾದ ಬೇಸಿಗೆ ಮುನ್ನೋಟ ಓದೋದು ಹೇಗೆ?

ಜೂನ್ ತಿಂಗಳ ಸಾಮಾನ್ಯ ಮಧ್ಯಾಹ್ನ ಸ್ಯಾನ್ ಡಿಯಾಗೊ ತೀರದಲ್ಲಿ ಉಷ್ಣಾಂಶ ಸುಮಾರು 22 ಡಿಗ್ರಿ ಸೆಲ್ಸಿಯಸ್. ಅದೇ ಹೊತ್ತಿಗೆ ಪಾಮ್ ಸ್ಪ್ರಿಂಗ್ಸ್‌ನಲ್ಲಿ ಸುಮಾರು 40. ಇವೆರಡರ ನಡುವಿನ ನೇರ ದೂರ ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿಗೆ ಇರುವಷ್ಟೇ. ಎರಡೂ ಊರಿಗೆ ಮುನ್ಸೂಚನೆ ಕೊಡೋದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಒಂದೇ ಕಚೇರಿ.

ಪ್ರತಿ ವರ್ಷ ಮೇ ತಿಂಗಳಲ್ಲಿ "ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಬೇಸಿಗೆ ವಾಡಿಕೆಗಿಂತ ಬಿಸಿ" ಎಂಬಂಥ ಶೀರ್ಷಿಕೆಗಳು ಬರುತ್ತವೆ. ಸ್ಯಾನ್ ಡಿಯಾಗೊ, ಅರ್ವೈನ್ ಕಡೆ ಇರುವ ನನ್ನ ಎಂಜಿನಿಯರಿಂಗ್ ಬ್ಯಾಚ್‌ನವರು ಅದನ್ನು ಗ್ರೂಪಿಗೆ ಹಾಕಿ, ಪಕ್ಕದಲ್ಲೇ ಮೋಡ ಕವಿದ ಬೀಚ್ ಫೋಟೊ ಹಾಕಿ ನಗುತ್ತಾರೆ. ಆದರೆ ಮುನ್ನೋಟವೂ ತಪ್ಪಲ್ಲ, ಫೋಟೊವೂ ಸುಳ್ಳಲ್ಲ. ಒಂದು ಇಡೀ ಪ್ರದೇಶಕ್ಕೆ ಒಂದೇ ಸಾಲಿನ ಮುನ್ನೋಟ ಕೊಟ್ಟಾಗ ಅದು ಯಾರ ಬೇಸಿಗೆ ಅನ್ನೋದು ಮಾಯವಾಗುತ್ತೆ. ಸಮಸ್ಯೆ ಇರೋದು ಅಲ್ಲಿ.

ಮೋಡ ಎಲ್ಲಿಂದ ಬರುತ್ತೆ?

ಕ್ಯಾಲಿಫೋರ್ನಿಯಾದ ಪಕ್ಕದ ಕಡಲು ತಣ್ಣಗಿದೆ. ಉತ್ತರದಿಂದ ಇಳಿದು ಬರುವ ಕ್ಯಾಲಿಫೋರ್ನಿಯಾ ಪ್ರವಾಹ ಒಂದು ಕಾರಣ. ಗಾಳಿ ಮೇಲ್ನೀರನ್ನು ತಳ್ಳಿದಾಗ ಆಳದ ತಣ್ಣೀರು ಮೇಲೆ ಬರೋದು ಇನ್ನೊಂದು. ಈ ನೀರಿಗೆ ತಾಗಿದ ಗಾಳಿ ತಂಪಾಗಿ, ತೇವ ಹೀರಿ, ಕಡಲಿನ ಮೇಲೆ ಪದರವಾಗಿ ಕೂರುತ್ತೆ. ಇದಕ್ಕೆ ಮರೈನ್ ಲೇಯರ್ ಅಂತಾರೆ. ಅದರ ಮೇಲೆ ಪೆಸಿಫಿಕ್‌ನ ಅಧಿಕ ಒತ್ತಡದ ವಲಯದಿಂದ ಕೆಳಗಿಳಿಯುತ್ತಾ ಬಿಸಿಯಾದ ಒಣ ಗಾಳಿ ಇರುತ್ತೆ. ಕೆಳಗೆ ತಂಪು, ಮೇಲೆ ಬಿಸಿ. ಇದು ಇನ್ವರ್ಷನ್, ಅಂದರೆ ಎತ್ತರಕ್ಕೆ ಹೋದಂತೆ ತಂಪಾಗುವ ಮಾಮೂಲು ಕ್ರಮದ ತಿರುವುಮುರುವು. ಬಿಸಿ ಗಾಳಿ ಪಾತ್ರೆಯ ಮುಚ್ಚಳದಂತೆ ಕೂತು, ಕೆಳಗಿನ ತೇವ ಮೇಲೇಳದೆ ಹರಡಿದ ಮೋಡವಾಗುತ್ತೆ. ಸ್ಥಳೀಯರು ಇದನ್ನು ಮೇ ಗ್ರೇ, ಜೂನ್ ಗ್ಲೂಮ್ ಎಂದು ಕರೆಯುತ್ತಾರೆ.

ಈ ಪದರದ ದಪ್ಪ ಎಷ್ಟು ಅನ್ನೋದೇ ಇಡೀ ಪ್ರದೇಶದ ಆ ದಿನದ ಹವೆಯ ಕೀಲಿಕೈ. ಮೇಲಿನ ಅಧಿಕ ಒತ್ತಡ ಬಲವಾಗಿದ್ದರೆ ಪದರ ಕೆಲವೇ ನೂರು ಮೀಟರಿಗೆ ಅಮುಕಿಕೊಳ್ಳುತ್ತೆ. ಆಗ ತೀರದಲ್ಲಿ ಮಂಜು, ಒಳನಾಡಿನ ಕಣಿವೆಗಳಲ್ಲಿ ಸುಡುಬಿಸಿಲು. ಒತ್ತಡ ಸಡಿಲವಾಗಿ ಪದರ ಒಂದು ಕಿಲೋಮೀಟರ್ ದಾಟಿದರೆ ಮೋಡ ಬೆಟ್ಟದ ತಪ್ಪಲಿನವರೆಗೂ ಹೋಗುತ್ತೆ, ಮರುಭೂಮಿಯೂ ತುಸು ತಣಿಯುತ್ತೆ.

ಬೆಟ್ಟದ ಆಚೆ

ತೀರ ಮತ್ತು ಮರುಭೂಮಿಯ ನಡುವೆ ಬೆಟ್ಟಸಾಲು ಗೋಡೆಯಂತೆ ನಿಂತಿದೆ. ಅದನ್ನು ಹತ್ತಿ ಇಳಿಯುವ ಒಣ ಗಾಳಿ ಪ್ರತಿ ಕಿಲೋಮೀಟರ್ ಇಳಿತಕ್ಕೆ ಸುಮಾರು 10 ಡಿಗ್ರಿ ಬಿಸಿಯಾಗುತ್ತೆ. ಥರ್ಮೋಡೈನಮಿಕ್ಸ್ ಪರೀಕ್ಷೆ ಬರೆದವರಿಗೆ ಈ ಲೆಕ್ಕ ನೆನಪಿರಬಹುದು. ಕೋಚೆಲ್ಲಾ ಕಣಿವೆಯ ಒಂದು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಹಾಗಾಗಿ ಗಾಳಿಗೆ ಇಳಿಯಲು ಇನ್ನಷ್ಟು ದೂರ ಸಿಗುತ್ತೆ.

ಬಿಸಿಯಾದ ಮರುಭೂಮಿಯ ಮೇಲೆ ಒತ್ತಡ ಕುಸಿದು, ಕಡಲ ಕಡೆಯ ಗಾಳಿ ಒಳಕ್ಕೆ ಎಳೆಯಲ್ಪಡುತ್ತೆ. ಸ್ಯಾನ್ ಗೋರ್ಗೋನಿಯೊ ಕಣಿವೆದಾರಿಯಲ್ಲಿ ಸಾಲುಗಟ್ಟಿ ನಿಂತ ಗಾಳಿಯಂತ್ರಗಳು ತಿರುಗೋದು ಈ ಎಳೆತದಿಂದಲೇ. ಅಂದ್ರೆ ತೀರದ ಮಬ್ಬಿಗೂ ಮರುಭೂಮಿಯ ಕಾವಿಗೂ ನೇರ ಸಂಬಂಧ ಇದೆ. ಬೀಚಿನ ಫೋಟೊ ನೋಡಿ "ಬೇಸಿಗೆ ಇನ್ನೂ ಬಂದಿಲ್ಲ" ಅನ್ನೋರು ಇದನ್ನು ಮರೆಯುತ್ತಾರೆ.

2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ 51.1 ಡಿಗ್ರಿ ದಾಖಲಾಯಿತು. ಆ ಊರಿನ ಸಾರ್ವಕಾಲಿಕ ದಾಖಲೆ ಅದು. ಜುಲೈನಲ್ಲಿ ಅಲ್ಲಿನ ಸರಾಸರಿ ಕನಿಷ್ಠ ಉಷ್ಣಾಂಶವೇ 26 ಡಿಗ್ರಿ ಆಸುಪಾಸು. ಹಗಲು ದಣಿದ ದೇಹಕ್ಕೆ ರಾತ್ರಿಯೂ ಬಿಡುವಿಲ್ಲ ಅನ್ನೋದು ಇದರ ಅರ್ಥ.

"ವಾಡಿಕೆಗಿಂತ ಹೆಚ್ಚು" ಅಂದ್ರೆ ಏನು?

ಅಮೆರಿಕದ ಹವಾಮುನ್ಸೂಚನಾ ಕೇಂದ್ರ ಪ್ರತಿ ತಿಂಗಳ ಮೂರನೇ ಗುರುವಾರ ಮೂರು ತಿಂಗಳ ಮುನ್ನೋಟ ಹೊರಡಿಸುತ್ತೆ. 1991ರಿಂದ 2020ರವರೆಗಿನ 30 ವರ್ಷಗಳನ್ನು ವಾಡಿಕೆಗಿಂತ ಹೆಚ್ಚು, ವಾಡಿಕೆಯ ಹತ್ತಿರ, ವಾಡಿಕೆಗಿಂತ ಕಡಿಮೆ ಎಂದು ಮೂರು ಸಮಪಾಲು ಮಾಡುತ್ತಾರೆ. ಯಾವ ಸುಳಿವೂ ಇಲ್ಲದಿದ್ದರೆ ಪ್ರತಿ ಪಾಲಿಗೆ ಶೇ 33ರಷ್ಟು ಸಾಧ್ಯತೆ. ನಕ್ಷೆಯಲ್ಲಿ "ಶೇ 45" ಅಂತ ಬಣ್ಣ ಬಳಿದಿದ್ದರೆ, ಬಿಸಿಯ ಪಾಲಿಗೆ ಬೀಳುವ ಸಾಧ್ಯತೆ 33ರಿಂದ 45ಕ್ಕೆ ಏರಿದೆ ಎಂದರ್ಥ, ಅಷ್ಟೇ. ಬಿಸಿಲು ಶೇ 45ರಷ್ಟು ಹೆಚ್ಚಾಗುತ್ತೆ ಅಂತ ಅಲ್ಲ. ನಮ್ಮ ಭಾರತೀಯ ಹವಾಮಾನ ಇಲಾಖೆಯ ಬೇಸಿಗೆ ಮುನ್ನೋಟದ ನಕ್ಷೆಯೂ ಇದೇ ತರ್ಕದ್ದು, ಅದನ್ನೂ ಹೀಗೇ ಓದಬೇಕು.

ಇದರಲ್ಲಿ ಮೂರು ಮಿತಿಗಳಿವೆ.

ಒಂದು: ಮೂರು ತಿಂಗಳ ಸರಾಸರಿ ಜನರನ್ನು ಕೊಲ್ಲುವುದಿಲ್ಲ, ಸತತ ಐದು ದಿನದ ಬಿಸಿಗಾಳಿ ಕೊಲ್ಲುತ್ತೆ. ಆ ಐದು ದಿನ ಯಾವಾಗ ಅಂತ ಹೇಳೋ ಶಕ್ತಿ ಈ ನಕ್ಷೆಗಿಲ್ಲ. ಅದಕ್ಕೆ 6ರಿಂದ 14 ದಿನಗಳ ಮುನ್ನೋಟ ನೋಡಬೇಕು.

ಎರಡು: ಎಲ್ ನಿನೊ, ಲಾ ನಿನಾ ಈ ಪ್ರದೇಶದ ಚಳಿಗಾಲದ ಮಳೆಗೆ ಸುಳಿವು ಕೊಟ್ಟಷ್ಟು ಬೇಸಿಗೆಗೆ ಕೊಡುವುದಿಲ್ಲ. ತೀರದ ನೀರು ಎಷ್ಟು ಬೆಚ್ಚಗಿದೆ ಅನ್ನೋದು ಹೆಚ್ಚು ಉಪಯುಕ್ತ. ಲಾ ಹೋಯಾದ ಸ್ಕ್ರಿಪ್ಸ್ ಪಿಯರ್‌ನಲ್ಲಿ 1916ರಿಂದ ದಿನವೂ ನೀರಿನ ಉಷ್ಣಾಂಶ ಅಳೆಯುತ್ತಿದ್ದಾರೆ. 2018ರ ಆಗಸ್ಟ್‌ನಲ್ಲಿ ಅದುವರೆಗಿನ ದಾಖಲೆ ಮುರಿಯಿತು. ನೀರು ಬೆಚ್ಚಗಾದರೆ ಮುಚ್ಚಳ ಸಡಿಲವಾಗಿ ತೀರದ ಮೋಡ ತೆಳುವಾಗುತ್ತೆ, ರಾತ್ರಿಗಳು ಜಿಗುಟಾಗುತ್ತವೆ.

ಮೂರು: ತೀರದ ನಿಜವಾದ ಸೆಖೆ ಬೇಸಿಗೆಯ ಕೊನೆಗೆ ಬರುತ್ತೆ. ಸ್ಯಾನ್ ಡಿಯಾಗೊದ ಸಾರ್ವಕಾಲಿಕ ಗರಿಷ್ಠ, ಸುಮಾರು 44 ಡಿಗ್ರಿ, ದಾಖಲಾಗಿದ್ದು 1963ರ ಸೆಪ್ಟೆಂಬರ್ 26ರಂದು. ಮರುಭೂಮಿ ಕಡೆಯಿಂದ ಕಡಲಿನತ್ತ ಗಾಳಿ ಬೀಸಿದಾಗ ಮರೈನ್ ಲೇಯರ್‌ನ ರಕ್ಷಣೆ ಇರುವುದಿಲ್ಲ. ಜೂನ್‌ನ ಮಬ್ಬನ್ನು ನಂಬಿ ಎಸಿ ಹಾಕಿಸದ ಮನೆಗಳಿಗೆ ಆಗ ಕಷ್ಟ.

ಅಲ್ಲೂ ಒಂದು ಮಾನ್ಸೂನ್

ಜುಲೈ ಹೊತ್ತಿಗೆ ಮೆಕ್ಸಿಕೊ ಕಡೆಯಿಂದ ತೇವದ ಗಾಳಿ ಬರಲು ಶುರುವಾಗುತ್ತೆ. ಇದರ ಹೆಸರೂ ಮಾನ್ಸೂನ್ ಅಂತಲೇ. ನಮ್ಮ ಮುಂಗಾರಿನಂತೆ ದಿನಗಟ್ಟಲೆ ಹಿಡಿಯುವ ಮಳೆ ಅಲ್ಲ. ಮಧ್ಯಾಹ್ನದ ಗುಡುಗು, ಒಣ ಹಳ್ಳಗಳಲ್ಲಿ ದಿಢೀರ್ ಪ್ರವಾಹ, ಧೂಳು.

ಇದರ ಇನ್ನೊಂದು ಪರಿಣಾಮ ಕಲಬುರಗಿ, ರಾಯಚೂರಿನವರಿಗೆ ತಕ್ಷಣ ಅರ್ಥವಾಗುತ್ತೆ. ಒಣ ಸೆಖೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ, ಮಂಗಳೂರಿನಲ್ಲಿ ಮಾಡಲ್ಲ. ಗಾಳಿಯಲ್ಲಿ ಆಗಲೇ ತೇವ ಇದ್ದರೆ ನೀರು ಆವಿಯಾಗಿ ತಂಪು ಕೊಡೋದು ಹೇಗೆ? ಕೋಚೆಲ್ಲಾ ಕಣಿವೆಯ ಪೂರ್ವಭಾಗದ ಟ್ರೈಲರ್ ಮನೆಗಳಲ್ಲಿ ಕೂಲರ್ ಒಂದನ್ನೇ ನಂಬಿದವರಿಗೆ ಮಾನ್ಸೂನ್ ದಿನ ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ತೋರಿಸಿದರೂ ಮನೆ ಇನ್ನಷ್ಟು ಅಸಹನೀಯವಾಗುತ್ತೆ.

ಮುನ್ನೋಟ ಯಾರಿಗೆ?

ಈ ಕಣಿವೆಯಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗೋದು ಮೇ ತಿಂಗಳಲ್ಲಿ. ಖರ್ಜೂರದ ತೋಟಗಳಲ್ಲಿ ಬೇಸಿಗೆಯಿಡೀ ಕೆಲಸ. ಹೊರಾಂಗಣ ಕೆಲಸಗಾರರಿಗಾಗಿ ಅಮೆರಿಕದಲ್ಲಿ ಮೊದಲು ಶಾಖದ ನಿಯಮ ತಂದದ್ದು ಕ್ಯಾಲಿಫೋರ್ನಿಯಾವೇ, 2005ರಲ್ಲಿ. ಇವತ್ತಿನ ನಿಯಮದ ಪ್ರಕಾರ ಸುಮಾರು 27 ಡಿಗ್ರಿ ದಾಟಿದರೆ ನೆರಳು ಕಡ್ಡಾಯ. ಗಂಟೆಗೆ ಒಬ್ಬರಿಗೆ ಸುಮಾರು ಒಂದು ಲೀಟರ್ ಕುಡಿಯುವ ನೀರು ಒದಗಿಸಬೇಕು. 35 ಡಿಗ್ರಿ ಮುಟ್ಟಿದರೆ ಕೃಷಿ ಕಾರ್ಮಿಕರಿಗೆ ಪ್ರತಿ ಎರಡು ಗಂಟೆಗೆ ಕನಿಷ್ಠ 10 ನಿಮಿಷ ವಿಶ್ರಾಂತಿ.

ಗಮನಿಸಿ, ಇಲ್ಲಿ ಕಾನೂನು ಕೇಳೋದು ಹೊಲದಲ್ಲಿ ಆ ದಿನ ಎಷ್ಟು ಡಿಗ್ರಿ ಅಂತ. ಪ್ರದೇಶದ ಸರಾಸರಿ ಅದಕ್ಕೆ ಬೇಕಿಲ್ಲ. ನನ್ನ ಪ್ರಕಾರ ಒಳ್ಳೆಯ ಮುನ್ನೋಟವೂ ಹೀಗೇ ಇರಬೇಕು. ಅಮೆರಿಕದ ಹವಾಮಾನ ಸೇವೆಯ ಹೀಟ್‌ರಿಸ್ಕ್ ನಕ್ಷೆ ಆ ದಿಕ್ಕಿನದು. ಬರೀ ಗರಿಷ್ಠ ಉಷ್ಣಾಂಶದ ಬದಲು, ಆ ಜಾಗಕ್ಕೆ ಆ ಋತುವಿನಲ್ಲಿ ಇದು ಎಷ್ಟು ಅಸಹಜ, ಎಷ್ಟು ದಿನ ಇರುತ್ತೆ, ರಾತ್ರಿ ತಣಿಯುತ್ತಾ ಅಂತ ನೋಡಿ 0ರಿಂದ 4ರವರೆಗೆ ಅಪಾಯದ ಮಟ್ಟ ಕೊಡುತ್ತೆ.

ಇದೆಲ್ಲಾ ನಡೆಯೋದು ಸಾರ್ವಜನಿಕ ದುಡ್ಡಿನಲ್ಲಿ ನಡೆಯುವ ಮಾಪನದಿಂದ. ಇನ್ವರ್ಷನ್ ಎಷ್ಟು ಎತ್ತರದಲ್ಲಿದೆ ಅಂತ ತಿಳಿಯಲು ಸ್ಯಾನ್ ಡಿಯಾಗೊ ಬಳಿಯ ಮಿರಾಮಾರ್‌ನಿಂದ ಹವಾ ಬಲೂನ್ ಹಾರಿಸುತ್ತಾರೆ. 2025ರಲ್ಲಿ ಟ್ರಂಪ್ ಆಡಳಿತದ ಕಡಿತದಿಂದ ಹವಾಮಾನ ಸೇವೆಯ ನೂರಾರು ಸಿಬ್ಬಂದಿ ಹೊರಹೋದರು, ದೇಶದ ಕೆಲವು ಕೇಂದ್ರಗಳಲ್ಲಿ ಬಲೂನ್ ಹಾರಾಟ ನಿಂತಿತು ಅಥವಾ ಕಡಿಮೆಯಾಯಿತು. ಫೋನಿನ ವೆದರ್ ಆ್ಯಪ್ ಇದೆಯಲ್ಲಾ ಅನ್ನಬೇಡಿ, ಆ ಆ್ಯಪ್‌ಗಳ ಲೆಕ್ಕಕ್ಕೂ ಸರ್ಕಾರಿ ಮಾಪನಗಳೇ ಬುನಾದಿ.

ನಮ್ಮಲ್ಲೂ ಒಂದೇ ರಾಜ್ಯಕ್ಕೆ ಒಂದೇ ಅಳತೆ ಸಾಲದು ಅನ್ನೋದು ಕಾಗದದ ಮೇಲಿದೆ. ಬಿಸಿಗಾಳಿ ಘೋಷಣೆಗೆ ಹವಾಮಾನ ಇಲಾಖೆಯ ಕನಿಷ್ಠ ಮಿತಿ ಬಯಲುಸೀಮೆಗೆ 40 ಡಿಗ್ರಿ, ಕರಾವಳಿಗೆ 37. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಚೇರಿಯ ಒಳಗೆ ಕೂರುವವರಿಗೆ ಸಿಗುವ ಈ ಸಮಯ ಬದಲಾವಣೆಯ ಆದೇಶ, ಅದೇ ಊರಿನಲ್ಲಿ ಖಾಸಗಿ ಕಟ್ಟಡದ ಮೇಲೆ ಇಟ್ಟಿಗೆ ಹೊರುವವರಿಗೆ ಅನ್ವಯಿಸುವುದಿಲ್ಲ.

ಆದ್ದರಿಂದ ಮುಂದಿನ ಬೇಸಿಗೆಯ ಮುನ್ನೋಟ ಕೈಗೆ ಬಂದಾಗ, ಅದು ಕ್ಯಾಲಿಫೋರ್ನಿಯಾದ್ದಿರಲಿ ಕರ್ನಾಟಕದ್ದಿರಲಿ, ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಊರಿನದು? ವಾಡಿಕೆ ಅಂದ್ರೆ ಯಾವ ವರ್ಷಗಳದು? ರಾತ್ರಿಯ ಕನಿಷ್ಠ ಎಷ್ಟು? ಈ ಸಂಖ್ಯೆ ದಾಟಿದ ದಿನ ಯಾರು, ಏನು ಮಾಡಬೇಕು ಅಂತ ಆದೇಶ ಇದೆಯಾ? ಕೊನೆಯ ಪ್ರಶ್ನೆಯನ್ನು ನಿಮ್ಮ ಶಾಸಕರಿಗೂ ಕೇಳಬಹುದು. ಬಿಸಿಲು ಏರುವ ಮುಂಚೆ ಕೇಳಿದರೆ ಒಳ್ಳೆಯದು.